ಲಿನಕ್ಸ್ ಬೂಟ್ ನಿಧಾನವೇ? ಎಸ್‌ಎಸ್‌ಡಿ ಕೊಳ್ಳೋ ಮುಂಚೆ ಇದನ್ನ ನೋಡಿ

ಎಸ್‌ಎಸ್‌ಡಿ (ವೇಗದ ಡಿಸ್ಕ್) ತರೋಕೆ ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್‌.ಪಿ. ರೋಡಿಗೆ ಓಡೋ ಮುಂಚೆ ಟರ್ಮಿನಲ್‌ನಲ್ಲಿ ‘ಸಿಸ್ಟಮ್‌ಡಿ-ಅನಲೈಜ್’ ಕೊಡಿ. ಫರ್ಮ್‌ವೇರ್ (ಮದರ್‌ಬೋರ್ಡಿನ ಬಯಾಸ್), ಲೋಡರ್ (ಲಿನಕ್ಸನ್ನ ಎಬ್ಬಿಸೋ ಪ್ರೋಗ್ರಾಂ), ಕರ್ನಲ್ (ಲಿನಕ್ಸಿನ ತಿರುಳು), ಯೂಸರ್‌ಸ್ಪೇಸ್ (ಆಮೇಲೆ ಶುರುವಾಗೋ ಸರ್ವೀಸ್‌ಗಳು) ಯಾವುದಕ್ಕೆ ಎಷ್ಟು ಸೆಕೆಂಡ್ ಹೋಯ್ತು ಅಂತ ಬರುತ್ತೆ. ಫರ್ಮ್‌ವೇರ್ ಪಾಲೇ ಜಾಸ್ತಿ ಇದ್ರೆ ಅದು ಬಯಾಸ್ ಸಮಸ್ಯೆ, ಲಿನಕ್ಸನ್ನ ಬೈದು ಪ್ರಯೋಜನ ಇಲ್ಲ.

ಯೂಸರ್‌ಸ್ಪೇಸ್ ಎಳೀತಿದ್ರೆ ಅದೇ ಕಮಾಂಡ್ ಜೊತೆ ‘ಕ್ರಿಟಿಕಲ್-ಚೈನ್’ ಸೇರಿಸಿ, ಒಂದಕ್ಕೊಂದು ಕಾದು ಬೂಟನ್ನ ತಡೆದ ಸರ್ವೀಸ್‌ಗಳ ಸರಪಳಿ ಬರುತ್ತೆ. ತುಂಬಾ ಜನ ಅದರ ಬದಲು ‘ಬ್ಲೇಮ್’ ಪಟ್ಟಿ (ಯಾವ ಸರ್ವೀಸ್‌ಗೆ ಎಷ್ಟು ಹೊತ್ತು ಹಿಡೀತು ಅನ್ನೋದು) ನೋಡಿ ಮೇಲಿರೋದನ್ನೆಲ್ಲ ಆಫ್ ಮಾಡ್ತಾರೆ. ಸರ್ವೀಸ್‌ಗಳು ಒಟ್ಟೊಟ್ಟಿಗೆ ಶುರುವಾಗೋದ್ರಿಂದ ಅಲ್ಲಿ 20 ಸೆಕೆಂಡ್ ತೋರಿಸಿದ್ದು ನಿಜವಾಗ್ಲೂ ಬೂಟನ್ನ ತಡೆದಿರಲೇಬೇಕು ಅಂತೇನಿಲ್ಲ.

ಸರಿಯಾಗಿ 1 ನಿಮಿಷ 30 ಸೆಕೆಂಡ್ ನಿಂತು ಆಮೇಲೆ ಮುಂದಕ್ಕೆ ಹೋಗ್ತಿದ್ಯಾ? ಹಾಗಾದ್ರೆ ಬಹುಪಾಲು ಸ್ವಾಪ್ (ರ‍್ಯಾಮ್ ಸಾಲದಾಗ ಬಳಸೋ ಡಿಸ್ಕ್ ಜಾಗ) ಮೇಲೆ ಅನುಮಾನ. ಪಾರ್ಟಿಷನ್ ಮತ್ತೆ ಫಾರ್ಮ್ಯಾಟ್ ಮಾಡಿದಾಗ ಅದರ ಗುರುತಿನ ಸಂಖ್ಯೆ, ಅಂದ್ರೆ ಯುಯುಐಡಿ ಬದಲಾಗಿರುತ್ತೆ, ಆದ್ರೆ ಇಟಿಸಿ ಫೋಲ್ಡರ್‌ನ ‘ಎಫ್‌ಎಸ್‌ಟ್ಯಾಬ್’ನಲ್ಲಿ (ಬೂಟಲ್ಲಿ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಹಳೇದೇ ಕೂತಿರುತ್ತೆ. ಇಲ್ಲದ ಡಿಸ್ಕಿಗಾಗಿ, ಸರ್ವೀಸ್‌ಗಳನ್ನ ಶುರು ಮಾಡೋ ಸಿಸ್ಟಮ್‌ಡಿ 90 ಸೆಕೆಂಡ್ ಕಾಯುತ್ತೆ. ‘ಬಿಎಲ್‌ಕೆಐಡಿ’ ಕಮಾಂಡ್ ತೋರಿಸೋ ಐಡಿ ಜೊತೆ ಹೋಲಿಸಿ, ತಿದ್ದಿ. ಕಿತ್ತಿಟ್ಟ ಡೇಟಾ ಡಿಸ್ಕ್ ಆದ್ರೆ ಕಾದ ಮೇಲೆ ಎಮರ್ಜೆನ್ಸಿ ಮೋಡ್‌ಗೇ ಬೀಳುತ್ತೆ. ಅದರ ಸಾಲಿನ ಆಪ್ಷನ್ಸ್‌ಗೆ ‘ನೋಫೇಲ್’ (ಡಿಸ್ಕ್ ಸಿಗದಿದ್ರೂ ಮುಂದೆ ಹೋಗು ಅಂತ) ಸೇರಿಸಿ, ಕಾಮಾ ಪಕ್ಕ ಸ್ಪೇಸ್ ಬಿಡಬೇಡಿ. ಫೈಲ್ ಮುಟ್ಟೋ ಮುಂಚೆ ಒಂದು ಕಾಪಿ ಇಟ್ಕೊಳ್ಳಿ. ರೀಬೂಟ್‌ಗೆ ಮುಂಚೆ ‘ಫೈಂಡ್‌ಎಂಎನ್‌ಟಿ’ ಕಮಾಂಡಿಗೆ ಎರಡು ಹೈಫನ್ ಜೊತೆ ‘ವೆರಿಫೈ’ ಕೊಟ್ರೆ ತಪ್ಪು ಅಲ್ಲೇ ಸಿಗುತ್ತೆ.

ಚೈನ್‌ನಲ್ಲಿ ‘ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್’ (ನೆಟ್‌ವರ್ಕ್ ಬರೋವರೆಗೂ ಕಾಯೋ ಸರ್ವೀಸ್) ಕಂಡ್ರೆ, ಮನೆ ಲ್ಯಾಪ್‌ಟಾಪಲ್ಲಿ ಡಿಸೇಬಲ್ ಮಾಡಬಹುದು, ವೈಫೈಗೆ ಏನೂ ಆಗಲ್ಲ. ಆಫೀಸ್ ಸರ್ವರ್‌ನಿಂದ ಎನ್‌ಎಫ್‌ಎಸ್ ಶೇರ್ (ನೆಟ್‌ವರ್ಕ್ ಮೇಲೆ ಬರೋ ಫೋಲ್ಡರ್) ಮೌಂಟ್ ಆಗೋ ಮಷೀನಲ್ಲಿ ಮಾತ್ರ ಮುಟ್ಟಬೇಡಿ.