ಪಾಪು ಜೊತೆ ಝೂಗೆ ಹೊರಟಿದ್ದೀರಾ? ನಾಲ್ಕೈದು ಪ್ರಾಣಿ ನೋಡಿದರೆ ಸಾಕು

ಹತ್ತು ತಿಂಗಳ ಮಗಳನ್ನು ಎತ್ತಿಕೊಂಡು ಆನೆಯ ಮುಂದೆ ನಿಂತಿದ್ದೆ. "ಪುಟ್ಟಿ, ಅಲ್ನೋಡು ಆನೆ!" ಅಂತ ಎಷ್ಟು ಸಲ ತೋರಿಸಿದರೂ ಅವಳ ಕಣ್ಣು ಬೇಲಿಯ ಕಂಬಿ ಮೇಲೆ ಹೋಗುತ್ತಿದ್ದ ಇರುವೆ ಮೇಲೆಯೇ ಇತ್ತು. ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಆನೆ ಸೊಂಡಿಲಲ್ಲಿ ಒಂದು ಹಿಡಿ ಹುಲ್ಲು ಎತ್ತಿಕೊಂಡಿತು. ಅದನ್ನು ಮುಂಗಾಲಿಗೆ ಪಟ್ ಪಟ್ ಅಂತ ಬಡಿದು, ಮಣ್ಣು ಉದುರಿಸಿ ಬಾಯಿಗೆ ಇಟ್ಟುಕೊಂಡಿತು. ಆ ಸದ್ದಿಗೆ ಮಗಳು ತಲೆ ಎತ್ತಿದಳು. ಆಮೇಲೆ ಕಾಲು ಗಂಟೆ ನಮ್ಮನ್ನು ಅಲ್ಲಿಂದ ಕದಲಲು ಬಿಡಲಿಲ್ಲ.

ಎಳೆ ಮಕ್ಕಳ ಜೊತೆ ಹೋದಾಗ ಝೂ ಪೂರ್ತಿ ಸುತ್ತುವ ಆಸೆ ಬಿಟ್ಟುಬಿಡಿ. ಕಡಿಮೆ ನಡೆಯಿರಿ, ಜಾಸ್ತಿ ಹೊತ್ತು ನಿಲ್ಲಿ. ಉಳಿದ ತಯಾರಿಯೆಲ್ಲ ಇದಕ್ಕಾಗಿಯೇ.

ಮೊದಲು: ಯಾವ ಪ್ರಾಣಿ ಅಂತ ಆರಿಸಿಕೊಳ್ಳಿ

ಹುಟ್ಟಿದ ಹೊಸತರಲ್ಲಿ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತದೆ. ಅಂದರೆ, ಎತ್ತಿಕೊಂಡವರ ಮುಖ ಇರುವಷ್ಟು ದೂರ. ಬಣ್ಣಗಳು ಚೆನ್ನಾಗಿ ತಿಳಿಯಲು ಸುಮಾರು ಐದು ತಿಂಗಳಾಗಬೇಕು. ಹಾಗಾಗಿ ಮೂರು ತಿಂಗಳ ಕೂಸಿಗೆ ದೂರದ ಹುಲಿ ಕಾಣಲಿಲ್ಲ ಅಂತ ಬೇಜಾರು ಬೇಡ. ಅದಕ್ಕೆ ಗಾಳಿ, ಎಲೆಯ ನೆರಳು, ನಿಮ್ಮ ಮಾತು ಇಷ್ಟೇ ಸಾಕು. ಎಂಟೊಂಬತ್ತು ತಿಂಗಳಾದ ಮೇಲೆ ಪ್ರಾಣಿಗಳ ಮೇಲೆ ನಿಜವಾದ ಕುತೂಹಲ ಶುರುವಾಗುತ್ತದೆ.

ಹತ್ತಿರದಲ್ಲಿರುವ, ಓಡಾಡುವ, ಸದ್ದು ಮಾಡುವ ಪ್ರಾಣಿಗಳನ್ನು ಆರಿಸಿ. ಕೋತಿ, ಗಿಳಿ, ಗಾಜಿನ ತೊಟ್ಟಿಯ ಮೀನು, ಜಿರಾಫೆ. ಆನೆ ದಿನಕ್ಕೆ ಸುಮಾರು 16 ಗಂಟೆ ತಿನ್ನುತ್ತಲೇ ಇರುತ್ತದೆ, ಅದಕ್ಕೇ ಯಾವಾಗ ಹೋದರೂ ನೋಡಲು ಏನಾದರೂ ಇರುತ್ತದೆ. ಸಿಂಹ ಹಾಗಲ್ಲ. ದಿನಕ್ಕೆ 20 ಗಂಟೆವರೆಗೂ ಮಲಗುವ ಪ್ರಾಣಿ ಅದು. ಅದೊಂದಕ್ಕಾಗಿ ಬಿಸಿಲಲ್ಲಿ ದೂರ ನಡೆಯಬೇಡಿ.

ವಾರದ ರಜೆ ಯಾವತ್ತು, ತಳ್ಳುಗಾಡಿ ಒಳಗೆ ಬಿಡುತ್ತಾರಾ, ಹಾಲು ಕುಡಿಸಲು ಜಾಗ ಇದೆಯಾ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಬೆಳಗಿನ ತಂಪಿನಲ್ಲಿ ಪ್ರಾಣಿಗಳೂ ಚುರುಕಾಗಿರುತ್ತವೆ, ಜನರೂ ಕಡಿಮೆ.

ಚೀಲದಲ್ಲಿ ಏನಿರಬೇಕು

ಡೈಪರ್, ಒದ್ದೆ ಬಟ್ಟೆಗೆ ಒಂದು ಕವರ್, ಎರಡು ಜೊತೆ ಬಟ್ಟೆ ಯಾರೂ ಮರೆಯುವುದಿಲ್ಲ. ಮರೆಯುವುದು ಎತ್ತಿಕೊಳ್ಳುವವರಿಗೊಂದು ಅಂಗಿ. ಮಗು ಹಾಲು ಕಕ್ಕಿದರೆ ಮಗುವಿನ ಬಟ್ಟೆಗಿಂತ ಮೊದಲು ಒದ್ದೆಯಾಗುವುದು ನಿಮ್ಮ ಭುಜ, ಅಲ್ವಾ?

ಆರು ತಿಂಗಳೊಳಗಿನ ಮಗುವಿಗೆ ಸೆಕೆ ಅಂತ ನೀರು ಕುಡಿಸಬೇಡಿ. ಹಾಲನ್ನೇ ಇನ್ನೂ ಒಂದೆರಡು ಸಲ ಜಾಸ್ತಿ ಕೊಡಿ. ಹಿಂಡಿಟ್ಟ ತಾಯಿಹಾಲು 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆ ಇರುತ್ತದೆ. ಬಿಸಿಲಿನ ದಿನ ಅಷ್ಟು ಹೊತ್ತು ನಂಬಬೇಡಿ, ಐಸ್ ಪ್ಯಾಕ್ ಜೊತೆ ಇಡಿ. ಎಳೆ ಮಕ್ಕಳ ಪುಡಿ ಹಾಲಾದರೆ (ಫಾರ್ಮುಲಾ) ಕುದಿಸಿದ ಬಿಸಿ ನೀರನ್ನು ಫ್ಲಾಸ್ಕಿನಲ್ಲಿ, ಪುಡಿಯನ್ನು ಬೇರೆ ಡಬ್ಬಿಯಲ್ಲಿ ಒಯ್ದು ಕುಡಿಸುವಾಗಲೇ ಕಲಸಿ, ಆರಿಸಿ ಕೊಡಿ. ಕುಡಿದು ಉಳಿದಿದ್ದನ್ನು ಚೆಲ್ಲಿಬಿಡಿ.

ಬಿಸಿಲು

ಈ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಮಗು ಮಲಗಿದೆ ಅಂತ ತಳ್ಳುಗಾಡಿ ಮೇಲೆ ಬಟ್ಟೆ ಹೊದಿಸಿಬಿಡುತ್ತಾರೆ. ತೆಳು ಬಟ್ಟೆಯಾದರೂ ಒಳಗೆ ಗಾಳಿ ಆಡುವುದಿಲ್ಲ, ಶಾಖ ಬೇಗ ಏರುತ್ತದೆ. ಒಳಗಿರುವ ಮಗು ಕಾಣುವುದೂ ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಗಾಡಿಯನ್ನೇ ಮರದ ನೆರಳಿಗೆ ತನ್ನಿ. ಸೆಕೆಯಾಗಿದೆಯಾ ಅಂತ ನೋಡಲು ಅಂಗೈ ಮುಟ್ಟಿದರೆ ಸಾಲದು, ಎದೆ ಅಥವಾ ಕುತ್ತಿಗೆಯ ಹಿಂಭಾಗ ಮುಟ್ಟಿ. ಅಗಲ ಅಂಚಿನ ಟೋಪಿ, ಸಡಿಲ ಹತ್ತಿ ಬಟ್ಟೆ ಹಾಕಿ. ಆರು ತಿಂಗಳೊಳಗಿನ ಮಕ್ಕಳಿಗೆ ಸನ್‌ಸ್ಕ್ರೀನ್‌ಗಿಂತ ನೆರಳೇ ಸರಿಯಾದ ರಕ್ಷಣೆ.

ಕ್ಯಾರಿಯರ್‌ನಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡಿದ್ದರೆ ಅದರ ಮುಖ ನಿಮಗೆ ಸದಾ ಕಾಣುತ್ತಿರಬೇಕು. ಮಗುವಿನ ಗದ್ದ ಅದರದೇ ಎದೆಗೆ ಒತ್ತಿಕೊಂಡಿರಬಾರದು. ಬಗ್ಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಮೇಲಿರಬೇಕು.

ಪ್ರಾಣಿಯ ಮುಂದೆ

ಬಂದ ಕೂಡಲೇ ಬೆರಳು ತೋರಿಸಬೇಡಿ. ಐದು ನಿಮಿಷ ಸುಮ್ನೆ ನಿಲ್ಲಿ. ಮಗು ತಾನಾಗಿ ನೋಡಿದಾಗ ಹೆಸರು ಹೇಳಿ, ಸದ್ದು ಮಾಡಿ ತೋರಿಸಿ. ಗಾಡಿಯಲ್ಲಿದ್ದರೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅದರ ಎತ್ತರದಿಂದ ಒಮ್ಮೆ ನೋಡಿ. ಎಷ್ಟೋ ಕಡೆ ಬರೀ ಗೋಡೆ, ಮುಂದೆ ನಿಂತವರ ಕಾಲು ಇಷ್ಟೇ ಕಾಣುತ್ತದೆ. ಆಗ ಎತ್ತಿಕೊಳ್ಳಿ. ಆದರೆ ಫೋಟೊಗೆ ಅಂತಲೂ ಮಗುವನ್ನು ಕಟಕಟೆ ಮೇಲೆ ಕೂರಿಸಬೇಡಿ, ಬೇಲಿಯಾಚೆ ಚಾಚಬೇಡಿ. ಗಾಜು ಬಡಿಯುವುದು, ಕೂಗಿ ಕರೆಯುವುದು, ತಿಂಡಿ ಎಸೆಯುವುದು ಬೇಡವೇ ಬೇಡ. ಅದು ಪ್ರಾಣಿಯ ಮನೆ.

ಗರ್ಜನೆಗೆ ಮಗು ಬೆಚ್ಚಿದರೆ ಎದೆಗೊತ್ತಿಕೊಂಡು ಅಲ್ಲಿಂದ ಹೊರಡಿ. "ಏನೂ ಆಗಲ್ಲ, ನೋಡು" ಅಂತ ಮತ್ತೆ ತಿರುಗಿಸಬೇಡಿ.

ಮೇಕೆ, ಮೊಲ ಮುಟ್ಟಿಸುವ ಜಾಗಗಳಲ್ಲಿ ಇನ್ನೂ ಸ್ವಲ್ಪ ಜಾಗ್ರತೆ ಬೇಕು. ಪ್ರಾಣಿಗಳಿಂದ ಬರುವ ರೋಗಾಣುಗಳ ಅಪಾಯ ಐದು ವರ್ಷದೊಳಗಿನವರಿಗೆ ಜಾಸ್ತಿ. ಆಮೆ, ಹಾವು, ಕೋಳಿಮರಿಗಳಿಂದ ಸಾಲ್ಮೊನೆಲ್ಲಾ ಅನ್ನುವ, ಭೇದಿ ತರುವ ರೋಗಾಣು ಬರಬಹುದು. ಅವನ್ನು ಮುಟ್ಟಿಸದಿರುವುದೇ ಒಳ್ಳೆಯದು. ಒಳಗೆ ಹೋಗುವ ಮೊದಲೇ ಬಾಟಲಿ, ನಿಪ್ಪಲ್, ಆಟಿಕೆ ಎಲ್ಲ ಚೀಲಕ್ಕೆ ಹಾಕಿ. ಹೊರಗೆ ಬಂದ ಕೂಡಲೇ ಮಗುವಿನ ಕೈ, ನಿಮ್ಮ ಕೈ ಎರಡನ್ನೂ ಸೋಪು ಹಾಕಿ 20 ಸೆಕೆಂಡ್ ತೊಳೆಯಿರಿ. ವೈಪ್ಸ್‌ನಲ್ಲಿ ಒರೆಸಿದರೆ ಸಾಕಾಗುವುದಿಲ್ಲ.

ಯಾವಾಗ ಹೊರಡಬೇಕು

ಮಗು ಕಣ್ಣುಜ್ಜುತ್ತದೆ, ಮುಖ ಆಚೆ ತಿರುಗಿಸುತ್ತದೆ, ಬೆನ್ನು ಹಿಂದಕ್ಕೆ ಬಾಗಿಸುತ್ತದೆ. ಅಳು ಇನ್ನೂ ಬಂದಿರುವುದಿಲ್ಲ. ಹೊರಡಬೇಕಾದ್ದು ಆಗಲೇ. ಎರಡು ಗಂಟೆ ಇದ್ದರೆ ಧಾರಾಳ. ಜೊತೆಗೆ ಇಬ್ಬರು ಮಕ್ಕಳಿದ್ದರೆ ಮೊದಲು ಸುಸ್ತಾದವರದೇ ಲೆಕ್ಕ.

ಅವತ್ತು ನಮ್ಮ ಜೊತೆ ಅಕ್ಕನ ಐದು ತಿಂಗಳ ಮಗನೂ ಇದ್ದ. ಆನೆ, ಗಿಳಿ, ಒಂದು ಜಿರಾಫೆ ನೋಡುವಷ್ಟರಲ್ಲಿ ಅವನು ಕಣ್ಣುಜ್ಜತೊಡಗಿದ. "ಹುಲಿ ಅಲ್ಲೇ ಮುಂದೆ ಇದೆ ಕಣೇ" ಅಂದಳು ಅಕ್ಕ. ಒಮ್ಮೆ ಆ ಕಡೆ ನೋಡಿ, ಒಮ್ಮೆ ಮಗನನ್ನು ನೋಡಿ, ತಾನೇ ಗಾಡಿಯನ್ನು ಗೇಟಿನ ಕಡೆ ತಿರುಗಿಸಿದಳು. ಗೇಟು ದಾಟುವ ಮೊದಲೇ ಅವನಿಗೆ ನಿದ್ದೆ ಹತ್ತಿತ್ತು. ನನ್ನ ಮಗಳು ಎಚ್ಚರವಾಗಿದ್ದಳು. ಕೈಯಲ್ಲಿದ್ದ ಟೋಪಿಯನ್ನು ನನ್ನ ಭುಜಕ್ಕೆ ಪಟ್ ಪಟ್ ಅಂತ ಬಡಿಯುತ್ತಿದ್ದಳು.