ನೂರು ಗುಂಡು ಅಳೆದ ಮೇಲೆ ಗೊತ್ತಾಗಿದ್ದು

ನಾನಿರುವುದು ಅರಿಜೋನಾದಲ್ಲಿ. ನನ್ನ ಹತ್ತಿರ ಒಂದು 308 ವಿಂಚೆಸ್ಟರ್ ರೈಫಲ್ ಇದೆ, ಅದಕ್ಕೆ ಬೇಕಾದ ತೋಟಾ (ಕೇಸು, ಮದ್ದು, ತುದಿಯಲ್ಲಿ ಗುಂಡು ಎಲ್ಲ ಸೇರಿದ್ದು) ನಾನೇ ತುಂಬಿ ತಯಾರಿಸಿಕೊಳ್ಳುತ್ತೇನೆ. ಇಲ್ಲಿ ಗರಾಜಿನಲ್ಲಿ ತೋಟಾ ತುಂಬುವ ಪ್ರೆಸ್ ಇಟ್ಟುಕೊಂಡು ಎಷ್ಟೋ ಜನ ಮಾಡುವ ಹವ್ಯಾಸ ಇದು. ಭಾರತದಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವ ಹಾಗಿಲ್ಲ, ಆದ್ದರಿಂದ ಊರಲ್ಲಿರುವವರು ಇದನ್ನು ಓದಿ ಕೈ ಹಾಕಲು ಹೋಗಬೇಡಿ.

ಕಳೆದ ವರ್ಷ 168 ಗ್ರೇನಿನ ಗುಂಡುಗಳ ಹೊಸ ಡಬ್ಬಿ ಒಡೆದೆ. 168 ಗ್ರೇನ್ ಅಂದ್ರೆ ಹತ್ತಿರ ಹತ್ತಿರ 10.9 ಗ್ರಾಂ. ಕಂಪನಿ ಅದೇ, ಮಾದರಿ ಅದೇ, ಲಾಟ್ ನಂಬರ್ ಮಾತ್ರ ಬೇರೆ. ಗುಂಡನ್ನು ತೋಟಾದೊಳಗೆ ಒತ್ತಿ ಕೂರಿಸುವ ಸೀಟಿಂಗ್ ಡೈ ಹಳೇ ಸೆಟ್ಟಿಂಗ್‌ನಲ್ಲೇ ಇತ್ತು, ಅದನ್ನು ಮುಟ್ಟದೆ 20 ತೋಟಾ ತುಂಬಿದೆ. ಮುಗಿದ ಮೇಲೆ ಸುಮ್ನೆ ಒಂದನ್ನು ಕಂಪ್ಯಾರೇಟರ್‌ಗೆ (ಗುಂಡಿನ ಬಾಗಿದ ಮೈಯನ್ನು ಒಂದು ತೂತಿನಲ್ಲಿ ಹಿಡಿದು ಅಳೆಯಲು ಕ್ಯಾಲಿಪರ್‌ಗೆ ಜೋಡಿಸುವ ಸಾಧನ) ಇಟ್ಟು ನೋಡಿದರೆ ಬರಬೇಕಾದ ಅಳತೆಗಿಂತ 6 ಥೌ (ಇಂಚಿನ ಸಾವಿರದ ಒಂದು ಪಾಲಿಗೆ ಥೌ ಅಂತಾರೆ) ಜಾಸ್ತಿ! ಇನ್ನೊಂದು ಸರಿಯಾಗೇ ಇತ್ತು. ಮೂರನೆಯದು ಮತ್ತೆ ಜಾಸ್ತಿ. ಬ್ಯಾರಲ್ ಒಳಗಿನ ಗೀರುಗಳು ಶುರುವಾಗುವ ಜಾಗಕ್ಕೂ ಗುಂಡಿಗೂ ನಾನು ಬಿಟ್ಟುಕೊಂಡಿದ್ದ ಸಂದಿ ಬರೀ 10 ಥೌ. ಗುಂಡು ಅಲ್ಲಿಗೆ ತಾಗಿ ಕೂತರೆ ಒತ್ತಡ ಏರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಇಪ್ಪತ್ತನ್ನೂ ಪಕ್ಕಕ್ಕಿಟ್ಟು ಉಳಿದ ಗುಂಡುಗಳನ್ನು ಅಳೆಯಲು ಕೂತೆ. ಆಮೇಲೆ ಆ ಇಪ್ಪತ್ತನ್ನೂ ಬಿಚ್ಚಿ ಗುಂಡು ತೆಗೆದು ಇದೇ ಲೆಕ್ಕಕ್ಕೆ ಸೇರಿಸಿದೆ.

ಒಂದು ಥೌ ಅಂದ್ರೆ ಸುಮಾರು 25 ಮೈಕ್ರಾನ್. ಮಾಮೂಲಿ ಬಿಳಿ ಹಾಳೆಯೇ ಸುಮಾರು 4 ಥೌ ದಪ್ಪ ಇರುತ್ತದೆ. ಅಮೆರಿಕಕ್ಕೆ ಬರುವ ಮೊದಲು ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತಿದ್ದೆ, ಅಲ್ಲೂ ದಿನವಿಡೀ ಈ ಥೌ ಲೆಕ್ಕವೇ. ಅಲ್ಲಿದ್ದ ಹಿರಿಯ ಸೂಪರ್‌ವೈಸರ್ ಒಬ್ಬರು 'ಮೊದ್ಲು ನಿನ್ ಕೈ ಅಳ್ಕೋ ಮಗಾ, ಆಮೇಲೆ ಜಾಬ್ ಅಳಿ' ಅನ್ನುತ್ತಿದ್ದರು, ಜಾಬ್ ಅಂದ್ರೆ ಅಳೆಯಬೇಕಾದ ವಸ್ತು. ಹಾಗಾಗಿ ಒಂದೇ ಗುಂಡನ್ನು ಹತ್ತು ಸಲ ಅಳೆದೆ. ಮೊದಲ ಸುತ್ತಿನಲ್ಲಿ ಒಂದೂವರೆ ಥೌ ಹೆಚ್ಚುಕಮ್ಮಿ ಬಂತು. ಗುಂಡಿನ ತಳ ಕ್ಯಾಲಿಪರ್ ದವಡೆಗೆ ನೇರವಾಗಿ ಕೂರುತ್ತಿರಲಿಲ್ಲ, ನಾನು ಒತ್ತುವ ಜೋರೂ ಒಂದೇ ಸಮ ಇರಲಿಲ್ಲ. ಗುಂಡನ್ನು ಸ್ವಲ್ಪ ತಿರುಗಿಸುತ್ತಾ ಮೆತ್ತಗೆ ದವಡೆ ಮುಚ್ಚುವುದು ಅಭ್ಯಾಸವಾದ ಮೇಲೆ ಅರ್ಧ ಥೌಗೆ ಇಳಿಯಿತು. ಈ ಅಂಕಿ ಗೊತ್ತಿಲ್ಲದೆ ಗುಂಡು ಬೇರೆ ಮಾಡಿದರೆ ಬೇರೆಯಾಗುವುದು ನಮ್ಮ ಕೈತಪ್ಪು, ಗುಂಡಲ್ಲ.

ತೂಕ ನೋಡಿದೆ, ಎಲ್ಲವೂ 167.8ರಿಂದ 168.2 ಗ್ರೇನ್ ಒಳಗೆ. ಮೈಕ್ರೋಮೀಟರ್‌ನಲ್ಲಿ ವ್ಯಾಸ 0.3080ರಿಂದ 0.3082 ಇಂಚು. ಎರಡರಲ್ಲೂ ಹೇಳುವಂಥದ್ದು ಏನೂ ಇಲ್ಲ.

ಒಟ್ಟು ಉದ್ದದಲ್ಲಿ ಮಾತ್ರ 14 ಥೌ ವ್ಯತ್ಯಾಸ! ಬಹಳ ಜನ ಎಡವುವುದು ಇಲ್ಲೇ, ಉದ್ದ ಅಳೆದು ಗಾಬರಿಯಾಗಿ ಅದರ ಮೇಲೇ ಗುಂಪು ಮಾಡುತ್ತಾರೆ. ಭೂತಗನ್ನಡಿ ಹಿಡಿದು ಮೂತಿ ನೋಡಿ. ಈ ಥರದ ಮ್ಯಾಚ್ (ಗುರಿ ಸ್ಪರ್ಧೆಯ) ಗುಂಡಿನಲ್ಲಿ ತಾಮ್ರದ ಹೊದಿಕೆಯನ್ನು ತಳದ ಕಡೆಯಿಂದ ಎಳೆದು ತಂದು ಮೂತಿಯಲ್ಲಿ ಕೂಡಿಸುತ್ತಾರೆ, ಅದಕ್ಕೇ ತುದಿಯಲ್ಲಿ ಒಂದು ಸಣ್ಣ ತೂತು ಉಳಿಯುತ್ತದೆ. ತೂತಿನ ಅಂಚು ಕತ್ತರಿಯಲ್ಲಿ ತಗಡು ಕತ್ತರಿಸಿದ ಹಾಗೆ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಅಳತೆಗೆ ಸಿಕ್ಕಿದ್ದು ಆ ಅಂಚು. ಬ್ಯಾರಲ್‌ಗೆ ಮೊದಲು ತಾಗುವುದು ಮೂತಿ ಅಲ್ಲವಲ್ಲ, ಗುಂಡಿನ ನೆಟ್ಟಗಿನ ಮೈ ಬಾಗಲು ಶುರುವಾಗುವ ಜಾಗ. ಆ ಬಾಗಿದ ಭಾಗಕ್ಕೆ ಓಜೈವ್ ಅಂತಾರೆ.

ಆದ್ದರಿಂದ ಕ್ಯಾಲಿಪರ್‌ಗೆ ಕಂಪ್ಯಾರೇಟರ್ ತಿರುಪು ಹಾಕಿ ಕೂರಿಸಿ, ತಳದಿಂದ ಓಜೈವ್‌ವರೆಗೆ ಒಂದೊಂದಾಗಿ ಅಳೆದೆ, ಪ್ರತಿ ಹತ್ತಕ್ಕೊಮ್ಮೆ ಸೊನ್ನೆ ಸರಿ ಇದೆಯಾ ಅಂತ ನೋಡಿಕೊಂಡು. ಗೆರೆ ಪುಸ್ತಕದಲ್ಲಿ ಅಳತೆಯ ಮುಂದೆ ಗೀಟು ಹಾಕುತ್ತಾ ಹೋದೆ. ಅರವತ್ತು ದಾಟುವಷ್ಟರಲ್ಲಿ ಹಾಳೆಯ ಮೇಲೆ ಎರಡು ಗುಡ್ಡ ಎದ್ದಿದ್ದವು! ಮಧ್ಯ 5 ಥೌ ಅಂತರ, ಅಲ್ಲಿ ಬೆರಳೆಣಿಕೆಯ ಗೀಟು. ಕಾರ್ಖಾನೆಯಲ್ಲಿ ಗುಂಡಿಗೆ ಆಕಾರ ಕೊಡುವ ಒಂದಕ್ಕಿಂತ ಜಾಸ್ತಿ ಡೈಗಳಿಂದ ಬಂದ ಗುಂಡು ಒಂದೇ ಡಬ್ಬಿಗೆ ಸೇರಬಹುದು. ಇಲ್ಲಿ ಆಗಿರುವುದೂ ಅದೇ ಅಂತ ನನ್ನ ಅಂದಾಜು.

ಹಾಗಾದರೆ ತುಂಬಿದ ತೋಟಾದಲ್ಲಿ 6 ಥೌ ಯಾಕೆ ಏರಿತು? ಸೀಟಿಂಗ್ ಡೈಯ ಕಡ್ಡಿ ಗುಂಡನ್ನು ಒತ್ತುವುದು ಮೂತಿಯ ಹತ್ತಿರ, ಕಂಪ್ಯಾರೇಟರ್ ಹಿಡಿಯುವುದು ಅದಕ್ಕಿಂತ ಕೆಳಗೆ. ಈ ಎರಡು ಜಾಗದ ನಡುವಿನ ಬಾಗು ಬೇರೆಯಾದರೆ ಡೈ ಸರಿಯಾಗೇ ಇದ್ದರೂ ಗುಂಡು ಬೇರೆ ಆಳಕ್ಕೆ ಕೂರುತ್ತದೆ. ಇದು ತಲೆಗೆ ಹೋಗಲು ನನಗೆ ಒಂದು ಸಂಜೆ ಬೇಕಾಯಿತು, ಎರಡು ಗುಂಪಿನ ಗುಂಡನ್ನು ಅಕ್ಕಪಕ್ಕ ಇಟ್ಟು ಅಳೆದಾಗ ಸ್ಪಷ್ಟವಾಯಿತು. ಇನ್ನೊಂದು ಮಾತು, ನನ್ನ ಕಂಪ್ಯಾರೇಟರ್ ತೋರಿಸುವ ಅಂಕಿಯನ್ನು ನಿಮ್ಮದರ ಜೊತೆ ಹೋಲಿಸಬೇಡಿ. ಕಂಪ್ಯಾರೇಟರ್ ತೂತಿನ ಗಾತ್ರ ಕೂದಲೆಳೆ ಬೇರೆಯಾದರೂ ಅಂಕಿ ಬೇರೆ ಬರುತ್ತದೆ.

ಎರಡು ಗುಂಪಿಗೂ ಡೈ ಬೇರೆ ಬೇರೆಯಾಗಿ ಹೊಂದಿಸಿ, ಮದ್ದಿನ ಪ್ರಮಾಣ ಕೆಳಗಿಳಿಸಿ ಮೊದಲಿಂದ ಶುರು ಮಾಡಿದೆ. 100 ಗಜದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. 600 ಗಜದಲ್ಲಿ ಮೇಲೆ ಕೆಳಗೆ ಚದುರುತ್ತಿದ್ದದ್ದು ಕಮ್ಮಿಯಾಯಿತು, ಬೇರೆ ಬೇರೆ ದಿನ ಹೊಡೆದಾಗಲೂ ಹಾಗೇ ಬಂತು. ಈಗ ಶೆಲ್ಫಿನಲ್ಲಿ ಎರಡು ಡಬ್ಬಿ ಇವೆ, ಮೇಲೆ ಲಾಟ್ ನಂಬರ್ ಮತ್ತು ಓಜೈವ್ ಅಳತೆ ಬರೆದಿದ್ದೇನೆ. ಎರಡು ಗುಡ್ಡದ ನಡುವೆ ಸಿಕ್ಕ ಏಳು ಗುಂಡು ಒಂದು ಸಣ್ಣ ಚೀಲದಲ್ಲಿವೆ, ಮುಂದಿನ ಸಲ ಕ್ಯಾಲಿಪರ್ ಹಿಡಿಯುವ ಮೊದಲು ಕೈ ಅಳೆದುಕೊಳ್ಳಲು.