ಸೀಸೆಯ ಎಲೆಗೆ ಬಾಯಿ ಮುಚ್ಚಲು ಬಾರದು

ಸಸ್ಯಶಾಸ್ತ್ರದ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದ ಸಂಶೋಧನಾ ಕಾರ್ಯಕ್ಕೆ ನಾನು ಆರಿಸಿಕೊಂಡ ವಿಷಯ ನಂಜನಗೂಡು ರಸಬಾಳೆಯ ಅಂಗಾಂಶ ಕೃಷಿ, ಅಂದರೆ ಗಿಡದ ಚಿಕ್ಕ ತುಣುಕನ್ನು ಸೂಕ್ಷ್ಮಜೀವಿಗಳಿಲ್ಲದ ಸೀಸೆಯಲ್ಲಿ ಬೆಳೆಸಿ ಸಸಿಗಳನ್ನು ಪಡೆಯುವುದು. ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಪನಾಮ ಸೊರಗು ರೋಗ ಈ ತಳಿಯನ್ನು ಅದರ ತವರಿನಲ್ಲಿಯೇ ಅಪರೂಪವಾಗಿಸಿದೆ. ರೋಗ ತಗುಲಿದ ಗಿಡದ ಕಂದನ್ನು ಕಿತ್ತು ಬೇರೆ ತೋಟದಲ್ಲಿ ನೆಟ್ಟರೆ ಶಿಲೀಂಧ್ರವೂ ಜೊತೆಯಲ್ಲೇ ಹೋಗುತ್ತದೆ. ನಂಜನಗೂಡಿನ ಸಮೀಪದ ಹಿರಿಯ ರೈತರೊಬ್ಬರು ಆರೋಗ್ಯವಾಗಿದ್ದ ಗಿಡಗಳ ಬುಡದಿಂದ ಆರು ಕತ್ತಿಕಂದುಗಳನ್ನು (ಕಿರಿದಾದ ಎಲೆಯ ಎಳೆಯ ಕಂದುಗಳನ್ನು) ಅಗೆದು ಕೊಡುತ್ತಾ, "ಗಿಡ ಆದ್ರೆ ನಮ್ಗೂ ಒಂದತ್ತು ತಂದ್ಕೊಡವ್ವ" ಎಂದರು. ಆ ಮಾತು ವರ್ಷವಿಡೀ ನನ್ನ ಜೊತೆಗಿತ್ತು.

ಮೊದಲ ಪಾಠ ಕಲಿತದ್ದು ಸೀಸೆಯ ಸಸಿಗೆ ಆಹಾರವಾಗುವ ಪೋಷಕ ಮಾಧ್ಯಮದಲ್ಲಿ. ವಿಜ್ಞಾನಿಗಳಾದ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿನ ಅಂಗಾಂಶಕ್ಕಾಗಿ ರೂಪಿಸಿದ ಮಾಧ್ಯಮವನ್ನೇ ಬಾಳೆಗೂ ಬಳಸುತ್ತಾರೆ: ಲೀಟರಿಗೆ 1,650 ಮಿಲಿಗ್ರಾಂ ಅಮೋನಿಯಂ ನೈಟ್ರೇಟ್, 1,900 ಮಿಲಿಗ್ರಾಂ ಪೊಟ್ಯಾಸಿಯಂ ನೈಟ್ರೇಟ್, 30 ಗ್ರಾಂ ಸಕ್ಕರೆ, ಜೊತೆಗೆ ಇತರ ಲವಣಗಳು ಮತ್ತು ವಿಟಮಿನ್‌ಗಳು. ಕ್ಯಾಲ್ಸಿಯಂ ಕ್ಲೋರೈಡನ್ನು ಫಾಸ್ಫೇಟ್ ಇದ್ದ ಸಾಂದ್ರ ದ್ರಾವಣದಲ್ಲಿಯೇ ಬೆರೆಸಿದಾಗ ಬಾಟಲಿಯ ತಳದಲ್ಲಿ ಬಿಳಿಯ ಗಸಿ ಕೂತಿತು. ಅದಕ್ಕೆ ಪ್ರತ್ಯೇಕ ಬಾಟಲಿ ಏಕೆ ಬೇಕೆಂಬುದು ಅಂದು ತಿಳಿಯಿತು. ಇನ್ನೊಮ್ಮೆ ಆಮ್ಲೀಯತೆಯ ಅಳತೆಯಾದ ಪಿಎಚ್ ಅನ್ನು 5.8ಕ್ಕೆ ಸರಿಪಡಿಸದೆ, ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್‌ಗೆ ಇಟ್ಟೆ. ಆಮ್ಲೀಯವಾಗಿ ಉಳಿದ ಆ ಮಾಧ್ಯಮ, ಅದನ್ನು ಗಟ್ಟಿಯಾಗಿಸುವ ಅಗರ್ ಹೆಪ್ಪುಗಟ್ಟದೆ, ಮರುದಿನವೂ ಗಂಜಿಯಂತೆ ಅಲುಗಾಡುತ್ತಿತ್ತು.

ಕಂದಿನ ಹೊರಪೊರೆಗಳನ್ನು ಒಂದೊಂದಾಗಿ ಸುಲಿದು, ತುದಿಯ ಚಿಗುರುಭಾಗವನ್ನು ಸೂಕ್ಷ್ಮಜೀವಿಗಳನ್ನು ಕೊಲ್ಲುವ ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ, ಶುದ್ಧಗೊಳಿಸಿದ ನೀರಿನಲ್ಲಿ ಹಲವು ಬಾರಿ ತೊಳೆದು ಸೀಸೆಗೆ ಇಳಿಸಿದೆ. ಕೊಯ್ದ ಭಾಗದಿಂದ ಒಸರುವ ಫೀನಾಲ್‌ಗಳು ಗಾಳಿಯ ಆಮ್ಲಜನಕ ತಾಗಿ ಕಪ್ಪಾಗುತ್ತವೆ, ಆ ಕಪ್ಪು ಅಂಗಾಂಶವನ್ನೇ ಕೊಲ್ಲುತ್ತದೆ. ಆದ್ದರಿಂದ ಆಸ್ಕಾರ್ಬಿಕ್ ಆಮ್ಲದಲ್ಲಿ ನೆನೆಸಿದ್ದಲ್ಲದೆ ಮೊದಲ ವಾರಗಳಲ್ಲಿ ಮತ್ತೆ ಮತ್ತೆ ಹೊಸ ಮಾಧ್ಯಮಕ್ಕೆ ವರ್ಗಾಯಿಸಬೇಕಾಯಿತು. ಚಿಗುರು ಹಸಿರಾದ ಮೇಲೆ ಅದನ್ನು ಉದ್ದಕ್ಕೆ ಸೀಳಿ, ಬಿಎಪಿ ಎಂಬ ಸೈಟೊಕೈನಿನ್ (ಮೊಗ್ಗೊಡೆಯಿಸುವ ಸಸ್ಯ ಹಾರ್ಮೋನು) ಇದ್ದ ಮಾಧ್ಯಮದಲ್ಲಿಟ್ಟೆ. ತುದಿಮೊಗ್ಗಿನ ಹಿಡಿತ ತಪ್ಪಿದೊಡನೆ ಪಕ್ಕದ ಮೊಗ್ಗುಗಳು ಗುಂಪಾಗಿ ಒಡೆದದ್ದನ್ನು ನೋಡಿದಾಗ, ತುದಿಮೊಗ್ಗಿನಿಂದ ಇಳಿದು ಪಕ್ಕದ ಮೊಗ್ಗುಗಳನ್ನು ತಡೆಹಿಡಿಯುವ ಆಕ್ಸಿನ್ ಮತ್ತು ಸೈಟೊಕೈನಿನ್‌ಗಳ ಅನುಪಾತದ ಬಗ್ಗೆ ತರಗತಿಯಲ್ಲಿ ಬರೆದುಕೊಂಡ ಟಿಪ್ಪಣಿಗೆ ಜೀವ ಬಂದಂತಾಯಿತು. ಕೆಲವು ಸೀಸೆಗಳಲ್ಲಿ ಎರಡು ತಿಂಗಳ ನಂತರವೂ ಗಿಡದ ಬುಡದ ಸುತ್ತ ಹಾಲಿನಂಥ ಮಬ್ಬು ಕಾಣಿಸಿಕೊಂಡಿತು. ಅಂಗಾಂಶದ ಒಳಗೇ ಅಡಗಿದ್ದ ಬ್ಯಾಕ್ಟೀರಿಯಾ ಅದು. ಅಂಥವನ್ನು ಮರುಕವಿಲ್ಲದೆ ಆಟೋಕ್ಲೇವ್‌ಗೆ ಹಾಕಿ ನಾಶ ಮಾಡಬೇಕು.

ಬೇರೂರಿದ ಸಸಿಗಳ ಮೊದಲ ತಂಡ ಸಿದ್ಧವಾದಾಗ ಕಷ್ಟದ ಕೆಲಸವೆಲ್ಲ ಮುಗಿಯಿತೆಂದು ನಂಬಿದ್ದೆ. 48 ಸಸಿಗಳ ಬೇರಿಗಂಟಿದ ಅಗರ್ ತೊಳೆದು, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ನೆಟ್ಟು, ನೆರಳುಪರದೆಯ ಕೆಳಗಿಟ್ಟು, ದಿನಕ್ಕೆರಡು ಹೊತ್ತು ನೀರು ಕೊಟ್ಟೆ. ಮೂರನೆಯ ದಿನಕ್ಕೆ ಎಲೆಗಳು ಸುರುಳಿಕೊಂಡವು, ವಾರ ಕಳೆಯುವುದರೊಳಗೆ ಉಳಿದವು 9. ಬುಡದಲ್ಲಿ ಪುಡಿ ಒದ್ದೆಯಾಗಿಯೇ ಇತ್ತು, ಬೇರುಗಳು ಬಿಳಿಯಾಗಿಯೇ ಇದ್ದವು, ಆದರೂ ಗಿಡಗಳು ನೀರಿಲ್ಲದೆ ಒಣಗಿದ್ದವು.

ಮಾರ್ಗದರ್ಶಕರ ಬಳಿ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಪತ್ರರಂಧ್ರಗಳನ್ನು ನೋಡಿದೆಯಾ?" ಎಲೆಯ ಮೈಯಲ್ಲಿ ನೀರಾವಿ ಹೊರಬಿಡುವ ಸೂಕ್ಷ್ಮ ಬಾಯಿಗಳು ಅವು. ಅದೇ ಸಂಜೆ ಸೀಸೆಯಲ್ಲಿದ್ದ ಸಸಿಯಿಂದಲೂ ತೋಟದ ಬಾಳೆಯಿಂದಲೂ ಒಂದೊಂದು ಎಲೆ ಕಿತ್ತು, ತಕ್ಕಡಿಯ ಮೇಲಿಟ್ಟು, ಹತ್ತು ನಿಮಿಷಕ್ಕೊಮ್ಮೆ ತೂಕ ಬರೆದುಕೊಂಡೆ. ತೋಟದ ಎಲೆ ಮೊದಮೊದಲು ಸ್ವಲ್ಪ ತೂಕ ಕಳೆದುಕೊಂಡು ಆಮೇಲೆ ನಿಧಾನಿಸಿತು; ಸೀಸೆಯ ಎಲೆಯ ತೂಕ ಎಲ್ಲೂ ನಿಲ್ಲದೆ ಇಳಿಯುತ್ತಾ ಹೋಗಿ, ಅರ್ಧ ಗಂಟೆಯಲ್ಲಿ ಅಂಚು ಗರಿಗರಿಯಾಯಿತು. ಎಲೆಯ ಕೆಳಮೈಗೆ ಉಗುರುಬಣ್ಣ ಹಚ್ಚಿ, ಒಣಗಿದ ಪೊರೆಯನ್ನು ಎತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾರಣ ಕಣ್ಣೆದುರಿಗಿತ್ತು: ಬಾಡಿದ ಮೇಲೂ ರಂಧ್ರಗಳು ಅಗಲವಾಗಿ ತೆರೆದೇ ಇದ್ದವು. ಪೊಟ್ಯಾಸಿಯಂ ಅಯಾನುಗಳು ಹೊರಹೋಗಿ ರಂಧ್ರದ ಇಕ್ಕೆಲದ ಕಾವಲುಕೋಶಗಳು ಕುಗ್ಗಿದಾಗ ರಂಧ್ರ ಮುಚ್ಚುತ್ತದೆ, ಅದಕ್ಕೆ ಆಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಸೂಚನೆ ಕೊಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಸದಾ ತೇವ ತುಂಬಿದ ಸೀಸೆಯಲ್ಲಿ ಬೆಳೆದ ಎಲೆಯ ಕಾವಲುಕೋಶಗಳು ಆ ಸೂಚನೆಗೆ ಸರಿಯಾಗಿ ಓಗೊಡುವುದಿಲ್ಲ, ಎಲೆಯ ಮೇಲಿನ ಮೇಣದ ಪದರವೂ ತೆಳುವಾಗಿರುತ್ತದೆ. ಶರೀರಕ್ರಿಯಾಶಾಸ್ತ್ರ ಒಂದು ಪತ್ರಿಕೆ, ಅಂಗಾಂಶ ಕೃಷಿ ಇನ್ನೊಂದು ಪತ್ರಿಕೆ ಎಂದು ಓದಿಕೊಂಡು ಬಂದದ್ದರ ಬೆಲೆಯನ್ನು ಆ 39 ಸಸಿಗಳು ತೆತ್ತಿದ್ದವು.

ಎರಡನೆಯ ತಂಡಕ್ಕೆ ನೀರು ಹೆಚ್ಚಿಸುವ ಬದಲು ಗಾಳಿಯ ತೇವವನ್ನು ಹಂತಹಂತವಾಗಿ ಇಳಿಸಿದೆ. ಸೀಸೆಗಳ ಮುಚ್ಚಳವನ್ನು ನಾಲ್ಕು ದಿನ ಮೊದಲೇ ಸಡಿಲಿಸಿದೆ. ನೆಟ್ಟ ಟ್ರೇಗಳ ಮೇಲೆ ಪಾಲಿಥೀನ್ ಗುಡಾರ ಕಟ್ಟಿ ಒಂದು ವಾರ ಪೂರ್ತಿ ಮುಚ್ಚಿಟ್ಟೆ. ಆಮೇಲೆ ದಿನವೂ ಒಂದಿಷ್ಟು ಅಗಲವಾಗಿ ಅಂಚು ತೆರೆಯುತ್ತಾ ಬಂದೆ. ಸೀಸೆಯಿಂದ ಬಂದ ಹಳೆಯ ಎಲೆಗಳು ನಿಧಾನವಾಗಿ ಹಳದಿಯಾದವು. ನಾನು ಕಾಯುತ್ತಿದ್ದದ್ದು ಗುಡಾರದೊಳಗೆ ಹುಟ್ಟುವ ಹೊಸ ಎಲೆಗಾಗಿ. ಅದು ಬಂದಾಗ ಮತ್ತೆ ಉಗುರುಬಣ್ಣದ ಅಚ್ಚು ತೆಗೆದೆ, ಬಾಡಿಸಿದ ಎಲೆಯಲ್ಲಿ ರಂಧ್ರಗಳು ಮುಚ್ಚಿದ್ದವು. ಆ ತಂಡದ 40 ಸಸಿಗಳಲ್ಲಿ 34 ಉಳಿದವು.

ಅವುಗಳಲ್ಲಿ ಹತ್ತನ್ನು ನಂಜನಗೂಡಿಗೆ ಒಯ್ದೆ. ಸಸಿ ಶುದ್ಧವಾಗಿದ್ದರೂ ಅದಕ್ಕೆ ರೋಗವನ್ನು ತಡೆಯುವ ಶಕ್ತಿ ಬಂದಿಲ್ಲ, ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ ಎಂಬುದನ್ನು ಕಂದು ಕೊಟ್ಟ ರೈತರಿಗೆ ಮುಚ್ಚಿಡದೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಹಳೆಯ ಬಾಳೆಪಾತಿಯನ್ನು ಬಿಟ್ಟು, ಎಂದೂ ಬಾಳೆ ಕಾಣದ ಮೇಲುಗಡೆಯ ರಾಗಿ ಹೊಲದ ಅಂಚಿನಲ್ಲಿ ಗುಂಡಿ ತೋಡಲು ಮಗನಿಗೆ ಹೇಳಿದರು.